ಹಿಡಿಯಕ್ಕಿಯ ಹಾಡು, ಹರಿವ ನೀರಿನ ಪಾಲು

ಹಬ್ಬವೆಂದರೆ ಹಾಡು, ಹಬ್ಬವೆಂದರೆ ಕೊಡುಗೆ. ಈ ಎರಡನ್ನೂ ಒಂದೇ ಜೋಳಿಗೆಯಲ್ಲಿ ಹೊತ್ತು ಮನೆಮನೆಗೆ ಬರುತ್ತಿದ್ದವರು ನಮ್ಮ ದಾಸಯ್ಯಗಳು, ಜೋಗಿಗಳು, ಕೋಲೆಬಸವನನ್ನು ಆಡಿಸುವವರು. ಇಂದು ಹಾಡು ಧ್ವನಿವರ್ಧಕದ ಪಾಲಾಗಿದೆ, ಕೊಡುಗೆ ಫ್ಲೆಕ್ಸ್ ಫಲಕದ ಪಾಲಾಗಿದೆ. ಇವುಗಳ ನಡುವಿನ ನಂಟು ಕಡಿದುದನ್ನು ಕೇವಲ ಸಂಸ್ಕೃತಿಯ ನಷ್ಟವೆಂದು ಬಗೆದು ಸುಮ್ಮನಿರುವಂತಿಲ್ಲ. ನೆಲ-ಜಲದ ಬಗ್ಗೆ ಚಿಂತಿಸುವವರಿಗೆ ಅದರಲ್ಲೊಂದು ಪಾಠವಿದೆ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಶ್ರಾವಣ ಶನಿವಾರಗಳನ್ನು ನೆನೆಯಿರಿ. ಶಂಖ, ಜಾಗಟೆಗಳ ದನಿಯೊಡನೆ ದಾಸಯ್ಯ ಬಾಗಿಲಿಗೆ ಬರುತ್ತಾನೆ. ಅಷ್ಟೇ ಅಲ್ಲ, ತಿಮ್ಮಪ್ಪನ ಒಕ್ಕಲಾದ ಉಳ್ಳವರ ಮನೆಯವರೂ ಅಂದು ನಾಮ ಧರಿಸಿ, ಪಾತ್ರೆ ಹಿಡಿದು, ಗೋವಿಂದನನ್ನು ಕೂಗುತ್ತ ನೆರೆಯವರ ಮನೆಗಳಲ್ಲಿ ಪಡಿ ಬೇಡುತ್ತಾರೆ. ಕಣಜ ತುಂಬಿದ್ದರೂ ಅಂದಿನ ಎಡೆಗೆ ಪರರ ಮನೆಯ ಹಿಡಿಯಕ್ಕಿ ಬೇಕು! ಕೊಡುವವನೂ ಒಂದು ದಿನ ಕೈಯೊಡ್ಡಬೇಕು ಎಂಬುದು ಇದರ ಒಳಮರ್ಮ. ಜೊತೆಗೆ ಇನ್ನೊಂದು ನಿಯಮವೂ ಇದೆ: ಬೇಡುವವನು ಹಲವು ಮನೆಗಳಿಗೆ ಹೋಗಬೇಕೇ ಹೊರತು ಒಂದೇ ಮನೆಯ ಕಣಜವನ್ನು ಬರಿದು ಮಾಡಬಾರದು.

ಘಟ್ಟದ ಕಡೆಯ ನಮಗೆ ಇದು ಅಪರಿಚಿತವಲ್ಲ. ದೀಪಾವಳಿಯ ರಾತ್ರಿಗಳಲ್ಲಿ ನಮ್ಮ ಅಂಟಿಗೆ-ಪಂಟಿಗೆಯವರು ದೀಪವನ್ನು ಆರಗೊಡದೆ ಹಿಡಿದು, ಕಾಡುದಾರಿಯಲ್ಲಿ ಹಾಡುತ್ತ ಮನೆಯಿಂದ ಮನೆಗೆ ನಡೆಯುತ್ತಾರೆ. ಮನೆಯವರು ಎಣ್ಣೆ, ಅಕ್ಕಿ, ಕಾಸು ನೀಡುತ್ತಾರೆ. ಇಲ್ಲಿ ಕೊಟ್ಟವರು ಯಾರು, ಪಡೆದವರು ಯಾರು? ಬೆಳಕು ತಂದವರೇ ಅಕ್ಕಿ ಪಡೆಯುತ್ತಾರೆ. ರಂಜಾನಿನ ಹಬ್ಬದ ನಮಾಜಿಗೆ ಮುನ್ನ ಫಿತ್ರಾ ದಾನ ಬಡವರಿಗೆ ಸಲ್ಲಲೇಬೇಕೆಂಬ ಕಟ್ಟಳೆಯಲ್ಲಿ, ಡಿಸೆಂಬರಿನ ಚಳಿಯಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ರಿಸ್‌ಮಸ್ ಕ್ಯಾರಲ್ ತಂಡಗಳಲ್ಲಿ ಇದೇ ಭಾವದ ಬೇರೆ ಬೇರೆ ರೂಪಗಳಿವೆ. ನೆರೆಮನೆಯ ಹೊಸ್ತಿಲನ್ನು ಮರೆತ ಹಬ್ಬ ಪೂರ್ಣವಾಗದು ಎಂಬುದೇ ಎಲ್ಲದರ ಸಾರ.

ಈ ಭಾವ ಸಂಸ್ಥೆಯಾಗಿ ಬೆಳೆದುದನ್ನು ಕಾಣಬೇಕಾದರೆ ತುಮಕೂರಿನ ಸಿದ್ಧಗಂಗೆಗೆ ಹೋಗಬೇಕು. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ದಶಕಗಳ ಕಾಲ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ನೀಡಿದರು. ಆ ಒಲೆಗೆ ಊರೂರಿನ ರೈತರು ಸುಗ್ಗಿಯಲ್ಲಿ ಎತ್ತಿಟ್ಟ ರಾಗಿ, ಬೇಳೆ, ತೆಂಗಿನಕಾಯಿಗಳೂ ಸೇರಿದವು. ಅದನ್ನು ದಾನವೆನ್ನದೆ ದಾಸೋಹವೆಂದರು. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಅಹಂ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ದಾಸ. ಅಲ್ಲಿ ಉಂಡ ಮಗುವಿಗೆ ತನ್ನ ಮುದ್ದೆಯ ರಾಗಿ ಯಾರ ಹೊಲದ್ದೆಂದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ.

ಇಂದಿನ ಹಬ್ಬವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಚಂದಾ ಬೇಡುವುದಿಲ್ಲ, ವಸೂಲಾಗುತ್ತದೆ. ಅದರ ದೊಡ್ಡ ಪಾಲು ಡಿ.ಜೆ. ಪೆಟ್ಟಿಗೆಗಳಿಗೆ ಹೋಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್‌ಗಳ ಮಿತಿ ಹಾಕಿವೆ; ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿವೆ. ಪ್ಲಾಸ್ಟಿಕ್ ಫ್ಲೆಕ್ಸ್, ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ನಿಷೇಧಿಸಿತು. ಆದರೂ ಬಡವರಿಗೆ ಕಂಬಳಿ ಹಂಚುವ ಸಮಾರಂಭದ ಹಿಂದೆ ದಾನಿಯ ಮುಖವುಳ್ಳ ಫ್ಲೆಕ್ಸ್ ಕಟ್ಟದೆ ನಮಗೆ ಸಮಾಧಾನವಿಲ್ಲ. ದಾಸಯ್ಯನ ಹಾಡು ಹೊಸ್ತಿಲಿನಲ್ಲಿ ನಿಂತು ಒಪ್ಪಿಗೆ ಕೇಳುತ್ತಿತ್ತು. ಧ್ವನಿವರ್ಧಕ ಕೇಳುವುದಿಲ್ಲ, ಒಳನುಗ್ಗುತ್ತದೆ.

ಹಳೆಯದೆಲ್ಲ ಹೊನ್ನೆಂಬ ಭ್ರಮೆ ಬೇಡ. ಹಾಡಿ ಬೇಡುವುದು ಅನೇಕ ಅಲೆಮಾರಿ ಸಮುದಾಯಗಳಿಗೆ ವ್ರತವಾಗಿರಲಿಲ್ಲ; ಹಸಿವು ಮತ್ತು ಜಾತಿ ಹೇರಿದ ಪಾಡಾಗಿತ್ತು. ಉಳ್ಳವನಿಗೆ ಒಂದು ಶನಿವಾರದ ಭಿಕ್ಷೆ ವಿನಯದ ಪಾಠವಾದರೆ, ಇಲ್ಲದವನಿಗೆ ವರ್ಷವಿಡೀ ಭಿಕ್ಷೆ ಅವಮಾನ. ಅವರ ಮಕ್ಕಳು ಜೋಳಿಗೆ ಇಳಿಸಿ ಶಾಲೆಗೆ ಹೋಗುವುದೇ ಸರಿ. ಆದುದರಿಂದ ನಾವು ಉಳಿಸಿಕೊಳ್ಳಬೇಕಾದುದು ಬಡತನವನ್ನಲ್ಲ, ಆ ಅಳತೆಯನ್ನು: ಎಲ್ಲರಿಂದಲೂ ಒಂದು ಹಿಡಿ, ಯಾರಿಂದಲೂ ಸರ್ವಸ್ವವಲ್ಲ.

ಈ ಅಳತೆಯನ್ನು ನಾವು ನೀರಿಗೆ ಅನ್ವಯಿಸಿದ್ದೇವೆಯೇ? ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ ಹುಟ್ಟುವ ಹೇಮಾವತಿ, ಗೊರೂರಿನ ಅಣೆಕಟ್ಟೆಯಿಂದ ನಾಲೆಗಳ ಮೂಲಕ ತುಮಕೂರು ಜಿಲ್ಲೆಗೆ ಬರುತ್ತದೆ. ಬುಗುಡನಹಳ್ಳಿ ಕೆರೆ ತುಂಬಿದರೆ ತುಮಕೂರು ನಗರದ ನಲ್ಲಿಗಳಲ್ಲಿ ಘಟ್ಟದ ಮಳೆ ಹರಿಯುತ್ತದೆ. ಕುಣಿಗಲ್ಲಿಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರು ಭಾಗದ ರೈತರು ಬೀದಿಗಿಳಿದರು. ಕುಣಿಗಲ್ಲಿನ ರೈತರ ಬಾಯಾರಿಕೆಯೂ ಸುಳ್ಳಲ್ಲ. ನೀರು ಯಾರೂ ಯಾರಿಗೂ ನೀಡುವ ಭಿಕ್ಷೆಯಲ್ಲ, ಅದು ಪಾಲು. ಆದರೆ ಎಲ್ಲ ತಾಲ್ಲೂಕುಗಳೂ ಒಂದೇ ಹೊಳೆಯ ಬಾಗಿಲಲ್ಲಿ ನಿಂತಿರುವಾಗ, ಹಲವು ಮನೆಗಳ ಪಡಿ ಎಂಬ ನಿಯಮ ಮರೆತಂತಾಯಿತಲ್ಲವೇ? ಪಡಿ ನೀಡಬೇಕಾದ ಉಳಿದ ಮನೆಗಳೆಂದರೆ ಊರಿನ ಕೆರೆ, ಕಟ್ಟೆ, ಗೋಕಟ್ಟೆಗಳು. ಕುಣಿಗಲ್ ಕೆರೆಯ ಚೆಲುವನ್ನು ಜನಪದರು ಹಾಡಾಗಿಸಿದರು. ಆ ಹಾಡು ನಾಡಿಗೆಲ್ಲ ಗೊತ್ತು. ಹಾಡು ಬಾಯಲ್ಲಿದ್ದು, ಊರೂರಿನ ಕೆರೆಗಳ ಅಂಗಳ ಹೂಳಿನಿಂದ ತುಂಬಿದರೆ ಆ ಹಾಡಿಗೆ ನಾವು ಸಲ್ಲಿಸಿದ ಮರ್ಯಾದೆ ಯಾವುದು?

ಬರುವ ಹಬ್ಬಗಳಲ್ಲಿ ಸಂಘ-ಸಂಸ್ಥೆಗಳ ಮಿತ್ರರು ಮೂರು ಕೆಲಸ ಮಾಡಬಹುದು. ಡಿ.ಜೆ.ಗೆ ಮೀಸಲಿಟ್ಟ ಹಣದಲ್ಲಿ ಊರಿನ ಹಾಡುಗಾರರನ್ನು, ವಾದ್ಯದವರನ್ನು ಕರೆಸಿ, ಭಿಕ್ಷೆಯಾಗಿಯಲ್ಲದೆ ನ್ಯಾಯವಾದ ಸಂಭಾವನೆಯಾಗಿ ನೀಡುವುದು. ಚಂದಾದಲ್ಲಿ ಒಂದು ಪಾಲನ್ನು ಊರ ಕೆರೆಯ ತೂಬು, ಕೋಡಿ, ನೀರುಗಾಲುವೆಗಳ ದುರಸ್ತಿಗೆ ತೆಗೆದಿಟ್ಟು, ಲೆಕ್ಕವನ್ನು ಎಲ್ಲರೆದುರು ಓದುವುದು. ಕೊಟ್ಟವರ ಹೆಸರನ್ನು ಫಲಕಕ್ಕೇರಿಸದಿರುವುದು. ಘಟ್ಟದ ಮೇಲಿನವರಾದ ನಮಗೂ ಹೊಣೆಯಿದೆ: ಹೊಳೆ ಹುಟ್ಟುವ ಶೋಲೆಗಳನ್ನು, ಹುಲ್ಲುಗಾವಲುಗಳನ್ನು ಕಾಯುವುದು. ಕೆಳಗಿನವರ ಪಾತ್ರೆಗೆ ನಾವು ಹಾಕಬಲ್ಲ ಹಿಡಿಯಕ್ಕಿ ಅದೇ.