ಗೊತ್ತಿದ್ದವರು ಬಾಯಿ ಬಿಡಬೇಕು

ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತಿರುವ ಎಲ್ಲ ಅಧ್ಯಾಪಕರಲ್ಲಿ ಒಂದು ಬಿನ್ನಹ. ನಿಮ್ಮ ವಿದ್ಯಾರ್ಥಿನಿಯ ವಾಟ್ಸ್ಆ್ಯಪ್‌ಗೆ ಈ ವಾರ ಒಂದು ಸಂದೇಶ ಬಂದೇ ಇರುತ್ತದೆ: ಪೇಪರ್ ಕಳಿಸಿ, ಎರಡೇ ದಿನದಲ್ಲಿ ಸ್ವೀಕೃತಿ ಪತ್ರ, ವಾರದೊಳಗೆ ಪ್ರಕಟಣೆ, ಜೊತೆಗೆ ಸರ್ಟಿಫಿಕೇಟ್. ಕೆಳಗೆ ಐಎಸ್‌ಎಸ್‌ಎನ್ ಸಂಖ್ಯೆ, ದೊಡ್ಡದೊಂದು ಇಂಪ್ಯಾಕ್ಟ್ ಫ್ಯಾಕ್ಟರ್, ದುಡ್ಡು ಹಾಕಲು ಕ್ಯೂಆರ್ ಕೋಡ್. ಕನ್ನಡ ಸಾಹಿತ್ಯ, ವಾಣಿಜ್ಯ, ರಸಾಯನಶಾಸ್ತ್ರ, ಯೋಗ ಎಲ್ಲಕ್ಕೂ ಅದೊಂದೇ ಜರ್ನಲ್. ಅದನ್ನು ನಂಬಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅವಳಿಗೆ ಹೇಳಿದ್ದೀರಾ?

ಐಎಸ್‌ಎಸ್‌ಎನ್ ಎಂಬುದು ಗಾಡಿಯ ನಂಬರ್ ಪ್ಲೇಟ್ ಇದ್ದಂತೆ. ಗಾಡಿ ಯಾವುದೆಂದು ಹೇಳೀತೇ ಹೊರತು ಬ್ರೇಕ್ ಹಿಡಿಯುತ್ತದೋ ಇಲ್ಲವೋ ಹೇಳುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರನ್ನು ಪ್ರತಿ ವರ್ಷ ಲೆಕ್ಕ ಹಾಕಿ ಪ್ರಕಟಿಸುವುದು ಕ್ಲಾರಿವೇಟ್ ಸಂಸ್ಥೆ. ಮಿಕ್ಕವರು ಅದೇ ಹೆಸರಿಟ್ಟು ತಮಗೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ. ಇಷ್ಟು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಸಿಗದೆ ಎಷ್ಟೋ ಮಕ್ಕಳು ಫೆಲೋಶಿಪ್ಪಿನ ದುಡ್ಡು ಕಳೆದುಕೊಂಡಿದ್ದಾರೆ. ದುಡ್ಡು ಹೋದರೆ ಮತ್ತೆ ಸಂಪಾದಿಸಬಹುದು. ಊರೂರು ಅಲೆದು ಕಲೆಹಾಕಿದ ಸಾಮಗ್ರಿ, ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಕೂತು ಪಡೆದ ಫಲಿತಾಂಶ ಅಂಥ ಕಡೆ ಒಮ್ಮೆ ಅಚ್ಚಾಯಿತೆಂದರೆ, ಒಳ್ಳೆಯ ಜರ್ನಲ್ ಅದನ್ನು ಹೊಸ ಲೇಖನವೆಂದು ಮತ್ತೆ ತೆಗೆದುಕೊಳ್ಳುವುದಿಲ್ಲ. ನನಗೆ ತೀರಾ ನೋವಾಗುವುದು ಇದರ ಬಗ್ಗೆ. ಕೆಟ್ಟ ಲೇಖನ ಕೆಟ್ಟ ಜಾಗದಲ್ಲಿ ಬಂದರೆ ಹಾಳಾಗುವುದು ಕಡಿಮೆ. ಪ್ರಾಮಾಣಿಕವಾಗಿ ದುಡಿದವಳ ಲೇಖನ ಅಲ್ಲಿ ಹೂತುಹೋಗುತ್ತದಲ್ಲ, ಅದಕ್ಕೆ ಯಾರು ಉತ್ತರ ಕೊಡುತ್ತಾರೆ?

ಈ ದಂಧೆಯ ದೊಡ್ಡ ಪಾಲು ನಮ್ಮ ದೇಶದಲ್ಲೇ ಬೇರುಬಿಟ್ಟಿದೆ ಎನ್ನುವುದನ್ನು ನಾವು ತಲೆತಗ್ಗಿಸಿ ಒಪ್ಪಿಕೊಳ್ಳಬೇಕು. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಒಂದು ಸುಳ್ಳು ಲೇಖನ ಹೆಣೆದರು. ಕಲ್ಲುಹೂವಿನಿಂದ ತೆಗೆದ ಅಣುವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ವಾದ. ರಸಾಯನಶಾಸ್ತ್ರದ ಪ್ರಾಥಮಿಕ ತಿಳಿವಳಿಕೆ ಇದ್ದವರೂ ಹಿಡಿಯಬಹುದಾದ ತಪ್ಪುಗಳನ್ನು ಬೇಕೆಂದೇ ತುಂಬಿದ್ದರು. ಅದನ್ನು 304 ಜರ್ನಲ್‌ಗಳಿಗೆ ಕಳಿಸಿದಾಗ 157 ಒಪ್ಪಿಕೊಂಡವು. ಆ ಪಟ್ಟಿಯಲ್ಲಿ ಅತಿ ಹೆಚ್ಚು ಜರ್ನಲ್‌ಗಳು ಭಾರತದವು. ಆರು ವರ್ಷದ ಮೇಲೆ, 2019ರಲ್ಲಿ, ಅಮೆರಿಕದ ಫೆಡರಲ್ ನ್ಯಾಯಾಲಯ ಹೈದರಾಬಾದ್ ಮೂಲದ ಓಮಿಕ್ಸ್ ಸಂಸ್ಥೆಗೆ ಐದು ಕೋಟಿ ಡಾಲರ್‌ಗೂ ಮಿಕ್ಕಿ ಕಟ್ಟುವಂತೆ ಆದೇಶಿಸಿತು. ಪೀರ್ ರಿವ್ಯೂ ನಡೆಯುತ್ತದೆಂದು ಸುಳ್ಳು ಹೇಳಿದ್ದು, ಒಪ್ಪಿಗೆಯಿಲ್ಲದ ವಿಜ್ಞಾನಿಗಳ ಹೆಸರನ್ನು ಸಂಪಾದಕರೆಂದು ಹಾಕಿದ್ದು, ಶುಲ್ಕದ ಮಾತನ್ನು ಮೊದಲೇ ತಿಳಿಸದೆ ಮುಚ್ಚಿಟ್ಟದ್ದು ಆ ಮೊಕದ್ದಮೆಯ ಆರೋಪಗಳು. ಲೇಖನ ವಾಪಸ್ ಕೇಳಿದವರಿಗೂ ಬಿಡುಗಡೆ ಸಿಕ್ಕಿರಲಿಲ್ಲ.

ಹಾಗೆಂದು ತಪ್ಪನ್ನೆಲ್ಲ ಆ ಪ್ರಕಾಶಕರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. 2010ರ ಯುಜಿಸಿ ನಿಯಮಾವಳಿ ನೇಮಕಾತಿ, ಬಡ್ತಿಗಳಿಗೆ ಎಪಿಐ ಅಂಕ ತಂದಾಗಿನಿಂದ ಲೇಖನ ಎಂದರೆ ಅಂಕ ಎಂದಾಯಿತು. ಯುಜಿಸಿಯೇ ಮಾಡಿದ ಅನುಮೋದಿತ ಪಟ್ಟಿಯೊಳಗೂ ನಕಲಿಗಳು ನುಗ್ಗಿ, 2018ರಲ್ಲಿ 4,305 ಜರ್ನಲ್‌ಗಳನ್ನು ತೆಗೆದುಹಾಕಬೇಕಾಯಿತು. ಆಮೇಲೆ ಕೇರ್ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಿದರು. ಜರ್ನಲ್ ಅಳೆಯುವ ಹೊಣೆ ಈಗ ಆಯಾ ಸಂಸ್ಥೆಗಳದ್ದೇ. ಅಂದರೆ, ಗುರುಗಳೇ, ನಿಮ್ಮದು.

ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು 2022ರ ಪಿಎಚ್.ಡಿ. ನಿಯಮಾವಳಿ ಕೈಬಿಟ್ಟಿದೆ. ಆದರೂ ‘ಎರಡು ಪೇಪರ್ ಮಾಡಿಕೊಂಡು ಬಾ’ ಎಂದು ಹುಡುಗರನ್ನು ಅಟ್ಟುವ ಗೈಡ್‌ಗಳಿದ್ದಾರೆ. ದಯವಿಟ್ಟು ಹಾಗೆ ಅಟ್ಟಬೇಡಿ. ಲೇಖನ ಬೇಕೇ ಬೇಕೆಂದರೆ, ಅದನ್ನು ಎಲ್ಲಿಗೆ ಕಳಿಸಬೇಕೆಂದು ಜೊತೆಯಲ್ಲಿ ಕೂತು ನೋಡಿ. ಜರ್ನಲ್‌ನ ಹಳೆಯ ಎರಡು ಲೇಖನ ಓದಿ. ಸಂಪಾದಕ ಮಂಡಳಿಯಲ್ಲಿ ನಿಮಗೆ ಪರಿಚಯದವರಿದ್ದರೆ ಫೋನ್ ಮಾಡಿ ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಅವರಿಗೆ ಗೊತ್ತಿಲ್ಲದಿರಬಹುದು.

ಇಲ್ಲೊಂದು ಎಚ್ಚರಿಕೆ ಬೇಕು. ದುಡ್ಡು ಕೇಳುವುದೆಲ್ಲ ಮೋಸವಲ್ಲ, ಪ್ರಾಮಾಣಿಕ ಮುಕ್ತ ಜರ್ನಲ್‌ಗಳೂ ಶುಲ್ಕ ಪಡೆಯುತ್ತವೆ. ಹಾಗೆಯೇ ವೆಬ್‌ಸೈಟ್ ಇಲ್ಲ, ಕಾಗದ ಒರಟು ಎಂದು ಕನ್ನಡದ ಸಣ್ಣ ಸಂಶೋಧನಾ ಪತ್ರಿಕೆಗಳನ್ನು ಈ ಸಾಲಿಗೆ ಸೇರಿಸಬೇಡಿ. ಆಕರ ಸರಿಯಿಲ್ಲ, ತಿದ್ದಿ ಕಳಿಸಿ ಎಂದು ಲೇಖನವನ್ನು ಹಿಂದಕ್ಕೆ ಕಳಿಸುವ ಸಂಪಾದಕರಿದ್ದರೆ ಅದು ಜರ್ನಲ್. ಅಂಥವನ್ನು ಉಳಿಸಿಕೊಳ್ಳುವುದೂ ನಮ್ಮದೇ ಕೆಲಸ.

ಆಯ್ಕೆ ಸಮಿತಿಗಳಲ್ಲಿ ಕೂರುವ ಹಿರಿಯರೇ, ಎದುರಿಗೆ ಬಂದು ನಿಲ್ಲುವ ಅತಿಥಿ ಉಪನ್ಯಾಸಕ ಅಂಕದ ಭಯದಲ್ಲಿ ಬದುಕುತ್ತಿರುವವನು. ಅವನ ಲೇಖನಗಳನ್ನು ಎಣಿಸಬೇಡಿ. ನಿಮ್ಮ ಅತ್ಯುತ್ತಮ ಲೇಖನ ಯಾವುದೆಂದು ಕೇಳಿ, ಅದೊಂದನ್ನು ಓದಿ ಬಂದು ಮಾತಾಡಿಸಿ. ಎಣಿಸುವವರು ಇರುವ ತನಕ ಮಾರುವವರೂ ಇರುತ್ತಾರೆ. ಯಾವುದೋ ಅಂಥ ಜರ್ನಲ್‌ನ ಸಂಪಾದಕ ಮಂಡಳಿಗೆ ಹೆಸರು ಕೊಟ್ಟಿದ್ದರೆ ಇವತ್ತೇ ಪತ್ರ ಬರೆದು ತೆಗೆಸಿ. ನಿಮ್ಮ ಹೆಸರು ನೋಡಿಯೇ ಎಷ್ಟೋ ಹುಡುಗರು ಅಲ್ಲಿ ದುಡ್ಡು ಕಟ್ಟಿದ್ದಾರೆ.

ವಿಶ್ವವಿದ್ಯಾಲಯಗಳು ಈಗ ತಮ್ಮದೇ ಮಾನದಂಡ ರೂಪಿಸಬೇಕಾಗಿದೆ. ಆ ಸಮಿತಿಗಳನ್ನು ಕಚೇರಿಯ ಕಡತಕ್ಕೆ ಬಿಟ್ಟುಕೊಡಬೇಡಿ. ಪ್ರತಿ ವಿಭಾಗದಿಂದ, ಕನ್ನಡ ವಿಭಾಗದಿಂದಲೂ, ನಿಜವಾಗಿ ಓದುವ ಇಬ್ಬರಾದರೂ ಅಲ್ಲಿರಲಿ. ಯಾರಾದರೂ ಕರೆಯಲಿ ಎಂದು ಕಾಯದೆ, ಮುಂದಿನ ವಿಭಾಗದ ಸಭೆಯಲ್ಲಿ ನಿಮ್ಮ ಹೆಸರನ್ನು ನೀವೇ ಕೊಡಿ.