ಆಟದೊಳಗೊಂದು ಪಾಠ

ಆಟಕ್ಕೂ ಪಾಠಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ನಂಬಿದ ಹಿರಿಯರು ಇಂದಿಗೂ ಮನೆಮನೆಯಲ್ಲಿ ಉಂಟು. ಆದರೆ ಅಳಗುಳಿಮಣೆಯ ಮುಂದೆ ಕುಳಿತ ಹುಡುಗಿ, ಕೈಯಲ್ಲಿರುವ ಹುಣಿಸೆಬೀಜಗಳು ಯಾವ ಗುಳಿಯಲ್ಲಿ ತೀರುವುವೆಂದು ಮನಸ್ಸಿನಲ್ಲೇ ಎಣಿಸುವಾಗ ಮಾಡುವುದು ಲೆಕ್ಕವನ್ನೇ ತಾನೆ? ಅದಕ್ಕೆ ಲೆಕ್ಕವೆಂಬ ಹೆಸರಿಲ್ಲ. ಆದ್ದರಿಂದ ಅವಳಿಗೆ ಅದರ ಅಂಜಿಕೆಯೂ ಇಲ್ಲ.

ಈ ಗುಟ್ಟನ್ನರಿತು ಕಂಪ್ಯೂಟರ್ ಆಟವನ್ನು ತರಗತಿಗೆ ತಂದವರಲ್ಲಿ ಅಮೆರಿಕದ ಮೂವರು ತರುಣರನ್ನು ನೆನೆಯಬೇಕು. 1971ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿದ್ದ ಡಾನ್ ರಾವಿಚ್ ಎಂಬಾತ ಎಂಟನೆಯ ತರಗತಿಗೆ ಚರಿತ್ರೆ ಹೇಳಬೇಕಾಗಿತ್ತು. 19ನೆಯ ಶತಮಾನದಲ್ಲಿ ವಲಸೆಗಾರರು ಎತ್ತಿನ ಬಂಡಿ ಹೂಡಿಕೊಂಡು, ಮಿಸೂರಿಯಿಂದ ಪಶ್ಚಿಮದ ಆರೆಗಾನಿಗೆ ಸುಮಾರು 2,000 ಮೈಲಿ ಸಾಗಿದ ಕಥೆ ಅದು. ಆತ ಮೊದಲು ಕಾಗದದ ಮೇಲೆ ಭೂಪಟ ಬರೆದು ಆಟವೊಂದನ್ನು ಕಟ್ಟತೊಡಗಿದ. ಜೊತೆಯಲ್ಲಿ ವಾಸವಾಗಿದ್ದ ಬಿಲ್ ಹೈನೆಮನ್, ಪಾಲ್ ಡಿಲೆನ್‌ಬರ್ಗರ್ ಎಂಬ ಗಣಿತದ ಗೆಳೆಯರು ಅದನ್ನು ಕಂಪ್ಯೂಟರಿಗೆ ಒಗ್ಗಿಸಿಕೊಟ್ಟರು. ಚಿತ್ರವಿಲ್ಲ, ತೆರೆಯೂ ಇಲ್ಲ. ಯಂತ್ರವು ಕಾಗದದ ಸುರುಳಿಯ ಮೇಲೆ ಪ್ರಶ್ನೆಯನ್ನು ಮುದ್ರಿಸುತ್ತಿತ್ತು, ಮಕ್ಕಳು ಕೀಲಿಯೊತ್ತಿ ಉತ್ತರಿಸುತ್ತಿದ್ದರು.

ಇರುವ ಹಣದಲ್ಲಿ ಎತ್ತಿಗೆಷ್ಟು, ಆಹಾರಕ್ಕೆಷ್ಟು, ಬಟ್ಟೆಗೆಷ್ಟು, ಮದ್ದುಗುಂಡಿಗೆಷ್ಟು? ಒಂದರಲ್ಲಿ ಕೈ ಬಿಗಿಹಿಡಿದರೆ ದಾರಿಯಲ್ಲಿ ಹಸಿವು, ಚಳಿ, ರೋಗ. ಪುಸ್ತಕದಲ್ಲಿ ಒಂದು ವಾಕ್ಯವಾಗಿದ್ದ ಕಷ್ಟ ಇಲ್ಲಿ ಮಕ್ಕಳ ತೀರ್ಮಾನದ ಫಲವಾಗಿ ಎದುರು ನಿಂತಿತು. 1974ರಲ್ಲಿ ಮಿನೆಸೋಟ ರಾಜ್ಯದ ಶಿಕ್ಷಣ ಕಂಪ್ಯೂಟರ್ ಸಂಸ್ಥೆಯನ್ನು ಸೇರಿದ ರಾವಿಚ್, ವಲಸೆಗಾರರ ದಿನಚರಿಗಳನ್ನೋದಿ, ಅವರಿಗೆ ಯಾವ ಆಪತ್ತು ಎಷ್ಟು ಬಾರಿ ಒದಗಿತ್ತೋ ಆಟದಲ್ಲಿಯೂ ಸರಿಸುಮಾರು ಅಷ್ಟೇ ಬಾರಿ ಬರುವಂತೆ ತಿದ್ದಿದ. ‘ಆರೆಗಾನ್ ಟ್ರೈಲ್’ ಎಂಬ ಈ ಆಟ ಮುಂದೆ ಅಮೆರಿಕದ ಶಾಲೆಗಳಲ್ಲಿ ಮನೆಮಾತಾಯಿತು. 1985ರ ಆವೃತ್ತಿ ಬಣ್ಣದ ಚಿತ್ರಗಳೊಡನೆ ಬಂದಿತು.

ಆದರೆ ಆಟಕ್ಕೂ ತನ್ನದೇ ಒಂದು ದೃಷ್ಟಿಯುಂಟು. ಬಂಡಿಯೇರಿದ ಮಗುವಿಗೆ ಮುಂದಿನ ದಾರಿ ಕಾಣುತ್ತದೆ. ಆ ದಾರಿ ಯಾರ ನೆಲವನ್ನು ಹಾಯ್ದಿತ್ತೆಂಬುದು ಸುಲಭವಾಗಿ ಕಾಣದು. ವಲಸೆಗಾರನಿಗೆ ಅದು ಹೊಸ ಬಾಳಿನ ಕಥೆ. ಅಲ್ಲಿನ ಮೂಲನಿವಾಸಿಗೆ ನೆಲೆ ತಪ್ಪಿದ ಕಥೆ. 2021ರ ಹೊಸ ಆವೃತ್ತಿಯನ್ನು ರಚಿಸುವಾಗ ಮೂಲನಿವಾಸಿ ಇತಿಹಾಸಕಾರರ ಸಲಹೆ ಪಡೆದು, ಅವರ ಜನರನ್ನೂ ಆಟಗಾರರು ಆಯ್ದುಕೊಳ್ಳಬಲ್ಲ ಪಾತ್ರಗಳನ್ನಾಗಿ ಸೇರಿಸಲಾಯಿತು. ಅಷ್ಟಾಗಲು ಐವತ್ತು ವರ್ಷ ಹಿಡಿಯಿತು!

ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಎಳೆಯರ ಕಲಿಕೆ ಆಟದ ಮೂಲಕ ಸಾಗಲಿ ಎಂದಿದೆ. ಒಳ್ಳೆಯ ಮಾತು. ಆದರೆ ಶಾಲೆಗೆ ಆಟಿಕೆ ಬಂದಮಾತ್ರಕ್ಕೆ, ಯಂತ್ರ ಬಂದಮಾತ್ರಕ್ಕೆ ವಿದ್ಯೆ ಬಂದಂತಾಗುವುದಿಲ್ಲ. ಆಟ ಮುಗಿದ ಮೇಲೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ‘ನೀನೇಕೆ ಸೋತೆ? ನೀನು ಗೆದ್ದಾಗ ಸೋತವರು ಯಾರು?’ ಎಂದು ಕೇಳುವ ಮೇಷ್ಟರೊಬ್ಬರು ಬೇಕು. ಆ ಪ್ರಶ್ನೆ ಹುಟ್ಟಿದ ಗಳಿಗೆಯಲ್ಲಿಯೇ ಆಟ ಪಾಠವಾಗುವುದು.