ಕೀರ್ದಿ ಇಲ್ಲದ ಅಂಗಡಿಗೆ ಸಾಕ್ಷಿ ಯಾರು?

ಬೈಲಹೊಂಗಲದ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ನನ್ನ ಅಪ್ಪ 32 ವರ್ಷ ಗುಮಾಸ್ತರಾಗಿದ್ದರು. ಅಂಗಡಿಯ ಬಾಗಿಲು ಹಾಕಿದ ಮೇಲೂ ಅವರು ಮನೆಗೆ ಬರುತ್ತಿರಲಿಲ್ಲ, ಅಂದಿನ ಕೀರ್ದಿ ಮುಗಿಯಬೇಕಿತ್ತು. ಜಮಾ ಒಂದು ಬದಿ, ಖರ್ಚು ಇನ್ನೊಂದು ಬದಿ. ಪೆಟ್ಟಿಗೆಯಲ್ಲಿದ್ದ ರೋಖಕ್ಕೂ ವಹಿಯ ಶಿಲ್ಕಿಗೂ ನಾಲ್ಕಾಣೆ ತಾಳೆಯಾಗದಿದ್ದರೆ ಅವರಿಗಾಗಿ ಕಾಯುತ್ತಿದ್ದ ನಮ್ಮೆಲ್ಲರ ಊಟವೂ ತಡ.

ನಾನೂ ಅದೇ ಕಸಬಿಗೆ ಬಂದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸಣ್ಣ ಅಂಗಡಿಗಳ ತೆರಿಗೆ ಲೆಕ್ಕವನ್ನು ವ್ಯಾಟ್ ಕಾಲದಿಂದ ಬರೆಯುತ್ತಿದ್ದೇನೆ. ಈ ವರ್ಷಗಳಲ್ಲಿ ನಾನು ಕಂಡ ದೊಡ್ಡ ಬದಲಾವಣೆ 2017ರ ಜಿಎಸ್‌ಟಿ ಅಲ್ಲ. ಗಲ್ಲೆಯ ಪಕ್ಕದಲ್ಲಿದ್ದ ವಹಿ ಹೋಗಿ ಆ ಜಾಗದಲ್ಲಿ ಹಣ ಬಂದಾಗ ಕೂಗುವ ಸಣ್ಣ ಪೆಟ್ಟಿಗೆ ಕೂತದ್ದು. ಆ ಪೆಟ್ಟಿಗೆ ಹಣ ಬಂತೆಂದು ಹೇಳುತ್ತದೆ. ಯಾಕೆ ಬಂತೆಂದು ಹೇಳುವುದಿಲ್ಲ.

2025ರ ಜುಲೈ ತಿಂಗಳಲ್ಲಿ ಅದರ ಪರಿಣಾಮ ಇಡೀ ರಾಜ್ಯ ಕಂಡಿತು. 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಚಹಾ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕಳಿಸಿತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಜಮೆಯಾಗಿದೆಯೆಂದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟುವಂತೆ ಕಾಗದ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದರು. ಗದ್ದಲ ಅಡಗಿತು, ಹೆದರಿಕೆ ಉಳಿಯಿತು. ಗೋಡೆಗೆ ಅಂಟಿಸಿದ್ದ ಸ್ಕ್ಯಾನರ್ ಕಿತ್ತು ‘ರೋಖ ಮಾತ್ರ’ ಎಂದು ಬರೆದು ಹಾಕಿದವರು ನನ್ನ ಗಿರಾಕಿಗಳಲ್ಲೂ ಇದ್ದಾರೆ.

ಆ ವಾರ ಸವದತ್ತಿ ಯಲ್ಲಮ್ಮನ ಗುಡ್ಡದಿಂದ ಒಬ್ಬ ಹೆಂಗಸು ಬಂದರು. ಗುಡಿಗೆ ಹೋಗುವ ದಾರಿಯಲ್ಲಿ ಕಾಯಿ, ಬಳೆ, ಕುಂಕುಮ, ಭಂಡಾರ, ಊದಿನಕಡ್ಡಿ ಮಾರುವವರು. ನೋಟಿಸೇನೂ ಬಂದಿರಲಿಲ್ಲ. ಮಗ ಫೋನ್ ನೋಡಿ ವರ್ಷದ ಜಮೆ ಜಿಎಸ್‌ಟಿ ನೋಂದಣಿಯ ಮಿತಿಯಾದ 40 ಲಕ್ಷ ದಾಟಿದೆ ಅಂದಿದ್ದನಂತೆ. ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

“ಅಕ್ಕಾರ, ಇಷ್ಟ್ ರೊಕ್ಕಾ ನಾ ಕಣ್ಣಿಲೆ ನೋಡಿಲ್ಲರಿ. ಫೋನ್ ಸುಳ್ಳ ಹೇಳಾಕತ್ತೈತಿ.”

“ಫೋನ್ ಸುಳ್ಳ ಹೇಳೂದಿಲ್ಲ ಕಾಕು. ಅರ್ಧಾ ಹೇಳತೈತಿ.”

ಇಬ್ಬರೂ ಕೂತು ಒಂದೊಂದೇ ಜಮೆ ನೋಡಿದೆವು. ಪುಣೆಯಲ್ಲಿರುವ ಹಿರಿಮಗ ಮನೆಖರ್ಚಿಗೆ ಹಾಕಿದ್ದು, ಮಹಿಳಾ ಸಂಘದ ಕಂತು, ತಂಗಿ ತಿರುಗಿ ಕೊಟ್ಟ ಕೈಗಡ. ಇವೆಲ್ಲಕ್ಕಿಂತ ದೊಡ್ಡದು ಬೇರೆಯೇ ಇತ್ತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ದಿನ ಗುಡ್ಡಕ್ಕೆ ಬಂದವರು ಆರತಿ ತಟ್ಟೆಗೆ, ಹುಂಡಿಗೆ ನೋಟು ಬೇಕೆಂದು ಇವರನ್ನು ಕೇಳುತ್ತಾರೆ: “ಫೋನಿಗೆ ಐದನೂರ ಹಾಕ್ತೀನಿ, ರೋಖ ಕೊಡ್ರಿ.” ದೇವಿಯ ಕೆಲಸವೆಂದು ಇವರು ಕೊಡುತ್ತಾರೆ, ಕಮಿಷನ್ ಕೂಡ ತೆಗೆದುಕೊಳ್ಳುವುದಿಲ್ಲ. ಹಾಗೆ ಬಂದದ್ದು ವ್ಯಾಪಾರವೇ ಅಲ್ಲ. ಆದರೆ ಬರೆದಿಡದಿದ್ದರೆ ಅದನ್ನು ತೋರಿಸುವುದು ಹೇಗೆ? ಕಾಕು ಅವರ ವ್ಯಾಪಾರ 40 ಲಕ್ಷದ ಗೆರೆಯಿಂದ ಎಷ್ಟೋ ಕೆಳಗಿತ್ತು. ಅದನ್ನು ಹೇಳಲು ಅವರ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ.

ಆ ಅಂಗಡಿಯ ಸಾಮಾನಿನಲ್ಲೇ ಈ ಕಾನೂನಿನ ತೊಡಕೆಲ್ಲ ಇದೆ. ತೆಂಗಿನಕಾಯಿಗೆ ತೆರಿಗೆ ಇಲ್ಲ. ಗಾಜಿನ ಬಳೆಗಿಲ್ಲ, ಕುಂಕುಮಕ್ಕಿಲ್ಲ. ಭಂಡಾರ ಅಂದರೆ ಅರಿಸಿನ ಪುಡಿ, ಅದಕ್ಕೆ ಶೇ 5. ಊದಿನಕಡ್ಡಿಗೂ ಶೇ 5. ಬರೀ ಕಾಯಿ, ಬಳೆ ಮಾರಿದರೆ ವ್ಯಾಪಾರ ಕೋಟಿ ಮುಟ್ಟಿದರೂ ನೋಂದಣಿ ಬೇಕಿಲ್ಲ. ಪಕ್ಕದಲ್ಲಿ ಭಂಡಾರದ ಚೀಲ ಇಟ್ಟ ಕೂಡಲೇ 40 ಲಕ್ಷದ ಲೆಕ್ಕಕ್ಕೆ ಕಾಯಿಯೂ ಸೇರುತ್ತದೆ, ಬಳೆಯೂ ಸೇರುತ್ತದೆ. ಗೆರೆ ದಾಟಿದರೂ ಹೆದರಬೇಕಾದ್ದಿಲ್ಲ. ರಾಜಿ ತೆರಿಗೆ ಪದ್ಧತಿಗೆ, ನಮ್ಮವರು ಕಾಂಪೋಸಿಷನ್ ಅನ್ನುವ ಅದಕ್ಕೆ ಸೇರಿದರೆ, ವ್ಯಾಪಾರಿ ಕಟ್ಟಬೇಕಾದ್ದು ತೆರಿಗೆ ಬೀಳುವ ಸಾಮಾನಿನ ಮಾರಾಟದ ಶೇ 1. ವರ್ಷಕ್ಕೆ 6 ಲಕ್ಷದ ಭಂಡಾರ, ಊದಿನಕಡ್ಡಿ ಮಾರಿದರೆ 6 ಸಾವಿರ ರೂಪಾಯಿ. ಎರಡು ರಾತ್ರಿಯ ನಿದ್ದೆ ಹೋದದ್ದು ಇದಕ್ಕೆ. ಈ ಮಾತನ್ನು ನೋಟಿಸಿಗೆ ಮೊದಲು ಕನ್ನಡದಲ್ಲಿ ಯಾರಾದರೂ ಗುಡ್ಡ ಹತ್ತಿ ಬಂದು ಹೇಳಬೇಕಿತ್ತು.

ಕಿತ್ತೂರಿನ ಖಾನಾವಳಿಗಳ ಸಂಕಟ ಬೇರೆ ಬಗೆಯದು. ಊಟ ಬಡಿಸುವುದು ಸೇವೆ, ಸೇವೆಗೆ ಮಿತಿ 20 ಲಕ್ಷ. ದಿನಕ್ಕೆ ಭಾಗಿಸಿ ನೋಡಿ: ಸುಮಾರು 5,480 ರೂಪಾಯಿ. ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ ರೊಟ್ಟಿ ಊಟ ಹಾಕುವ ಗಂಡ-ಹೆಂಡತಿಗೆ ಅಷ್ಟು ವ್ಯಾಪಾರ ಮಧ್ಯಾಹ್ನದೊಳಗೇ ಆಗಬಹುದು. ಕಿರಾಣಿ ಅಂಗಡಿಗೆ 2019ರಲ್ಲಿ ಮಿತಿ ಏರಿತು, ಖಾನಾವಳಿಗೆ 2017ರದ್ದೇ ಉಳಿದಿದೆ. ಎಣ್ಣೆ, ಬೇಳೆ, ಸಿಲಿಂಡರಿನ ದರ ಮಾತ್ರ 2017ರಲ್ಲಿ ನಿಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬರೀ ರೊಟ್ಟಿ ಮಾರಿದರೆ ತೆರಿಗೆ ಇಲ್ಲ. ಆದರೆ ಅದೇ ರೊಟ್ಟಿ ತಾಟಿಗೆ ಬಿದ್ದು ಪಲ್ಯದ ಜೊತೆ ಬಂದರೆ ಶೇ 5. ಖಾನಾವಳಿಯ 20 ಲಕ್ಷದ ಮಿತಿಯನ್ನು 40 ಲಕ್ಷಕ್ಕೆ ಏರಿಸಬೇಕು. ನನಗೆ ಇದರಲ್ಲಿ ಎರಡು ಮಾತಿಲ್ಲ.

ವ್ಯಾಪಾರಿಗಳಿಗೂ ಒಂದು ಮಾತು ಹೇಳಲೇಬೇಕು. ಅಗ್ಗಕ್ಕೆ ಸಿಗುತ್ತದೆಂದು ಕಚ್ಚಾ ಚೀಟಿಯ ಮೇಲೆ ಮಾಲು ತರುವುದನ್ನು ಬಿಡಿ. ಆದರೆ ಪಕ್ಕಾ ಬಿಲ್ ಇದ್ದರಷ್ಟೇ ಸಾಲದು. ರಾಮದುರ್ಗದ ನನ್ನ ಗಿರಾಕಿಯೊಬ್ಬರು ಪಕ್ಕಾ ಬಿಲ್ಲಿನ ಮೇಲೆಯೇ ಮಾಲು ತಂದು, ತೆರಿಗೆ ಸೇರಿಸಿ ಹಣ ಕೊಟ್ಟು ಬಂದಿದ್ದರು. ಮಾರಿದ ಸಗಟು ವ್ಯಾಪಾರಿ ತನ್ನ ರಿಟರ್ನಿನಲ್ಲಿ ಆ ಬಿಲ್ ತೋರಿಸಲೇ ಇಲ್ಲ. 2022ರ ಜನವರಿಯಿಂದ ನಿಯಮ ಬಿಗಿಯಾಗಿದೆ. ಮಾರಿದವನು ತೋರಿಸಿದ ಬಿಲ್ ಪೋರ್ಟಲ್‌ನಲ್ಲಿ ಕೊಂಡವನ ಖರೀದಿಗಳನ್ನು ತೋರಿಸುವ 2ಬಿ ಪಟ್ಟಿಯಲ್ಲಿ ಕಂಡರೆ ಮಾತ್ರ ಅವನಿಗೆ ಕಟ್ಟಿದ ತೆರಿಗೆಯ ಜಮೆ ಸಿಗುತ್ತದೆ. ಇವರು ಅಷ್ಟೂ ತೆರಿಗೆಯನ್ನು ಎರಡನೆಯ ಸಲ ತಮ್ಮ ಕೈಯಿಂದ ಕಟ್ಟಿದರು. “ನಂದೇನ್ ತಪ್ಪ್ರೀ ಅಕ್ಕಾರ?” ಎಂದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಇ-ಇನ್‌ವಾಯ್ಸ್ ಎಂದರೆ ಮುಖ ಕಿವುಚುವ ನಮ್ಮವರಿಗೆ ನಾನು ಹೇಳುವುದು ಇದನ್ನೇ: ನಿಮಗೆ ಮಾರುವ ಸಗಟುದಾರನಿಗೆ ಹಾಕಿದ ಆ ಕಟ್ಟು ನಿಮ್ಮ ರಕ್ಷಣೆ. 2020ರ ಅಕ್ಟೋಬರಿನಲ್ಲಿ 500 ಕೋಟಿ ವಹಿವಾಟಿನವರಿಂದ ಶುರುವಾದ ನಿಯಮ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂದಿದೆ. ಅಷ್ಟು ವಹಿವಾಟಿನ ಸಗಟುದಾರ ಇನ್ನೊಬ್ಬ ನೋಂದಾಯಿತ ವ್ಯಾಪಾರಿಗೆ ಮಾರುವಾಗ ಬಿಲ್ಲನ್ನು ಮೊದಲು ಸರ್ಕಾರದ ಪೋರ್ಟಲ್‌ಗೆ ಏರಿಸಬೇಕು. ಅಲ್ಲಿಂದ 64 ಅಕ್ಷರಗಳ ಒಂದು ಸಂಖ್ಯೆ, ಒಂದು ಕ್ಯೂಆರ್ ಚೌಕ ಬರುತ್ತದೆ. ಆ ಬಿಲ್ಲು ತಾನಾಗಿಯೇ ಅವನ ರಿಟರ್ನಿಗೆ ಹೋಗುತ್ತದೆ, ಅವನು ಅದನ್ನು ಸಲ್ಲಿಸಿದರೆ ನಿಮ್ಮ ಪಟ್ಟಿಯಲ್ಲಿ ಕಾಣುತ್ತದೆ. ದೊಡ್ಡ ಸಗಟುದಾರರಿಂದ ಮಾಲು ತಂದಾಗ ಆ ಚೌಕ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ, ಹಣ ನಿಮ್ಮದು.

ರಾಮದುರ್ಗದ ಸೀರೆ ವ್ಯಾಪಾರಿಗಳು ಇನ್ನೊಂದನ್ನೂ ನೆನಪಿಡಬೇಕು. ಕಾಂಪೋಸಿಷನ್‌ನಲ್ಲಿರುವವರು ರಾಜ್ಯದ ಗಡಿ ದಾಟಿಸಿ ಮಾರುವಂತಿಲ್ಲ. ಇಚಲಕರಂಜಿಗೆ, ಸೊಲ್ಲಾಪುರಕ್ಕೆ ಒಂದು ಗಂಟು ಸೀರೆ ಮಾರಾಟಕ್ಕೆ ಕಳಿಸುವವರಿಗೆ ಆ ಪದ್ಧತಿ ಒಗ್ಗುವುದಿಲ್ಲ. ಬೆಂಗಳೂರಿನ ಅಂಗಡಿಗೆ ಇದು ಸಣ್ಣ ಷರತ್ತು. ಗಡಿ ಜಿಲ್ಲೆಯಲ್ಲಿ ಅರ್ಧ ಸಂಬಂಧಿಕರೂ ಅರ್ಧ ಗಿರಾಕಿಗಳೂ ಆಚೆ ಕಡೆಯೇ ಇರುತ್ತಾರೆ.

ಈಗ ನನ್ನನ್ನು ಕಾಡುವುದು ಮುಂದಿನ ಹೆಜ್ಜೆ. 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಗ್ರಾಹಕರಿಗೆ ಕೊಡುವ ಚಿಲ್ಲರೆ ಬಿಲ್ಲಿಗೂ ಇ-ಇನ್‌ವಾಯ್ಸ್ ತರುವ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಅದು ಸ್ವಯಂಪ್ರೇರಿತವಾದದ್ದು, ಆಯ್ದ ಕಡೆ ಮಾತ್ರ. ಆದರೆ 500 ಕೋಟಿಯಿಂದ 5 ಕೋಟಿಗೆ ಇಳಿಯಲು ಮೂರು ವರ್ಷವೂ ಹಿಡಿಯಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ಇವತ್ತು 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ, ಗಿರಾಕಿ ಕೇಳದಿದ್ದರೆ, ಬೇರೆ ಬೇರೆ ಬಿಲ್ ಬರೆಯಬೇಕಿಲ್ಲ. ದಿನದ ಕೊನೆಗೆ ಒಟ್ಟುಗೂಡಿಸಿ ಒಂದು ಬರೆದರೆ ಸಾಕು. ನನ್ನ ಅಪ್ಪನ ಕೀರ್ದಿಗೆ ಹತ್ತಿರದ ನಿಯಮವಿದು. ಜಾತ್ರೆಯ ದಿನ ಒಂದು ಕಾಯಿ, ಎರಡು ಬಳೆ ಮಾರುವ ಕೈಗೆ ಇದೇ ಸರಿ. ಇದನ್ನು ಮುಟ್ಟಬಾರದು.

ರಿಟರ್ನ್ ತುಂಬುವ ಪುಟ ಇಂಗ್ಲಿಷಿನಲ್ಲಿದೆ. ಸರ್ಕಾರ ಅದನ್ನು ಕನ್ನಡಕ್ಕೆ ತರಲಿ. ಸಂತೆಯ ದಿನ ಎಪಿಎಂಸಿ ಆವರಣದಲ್ಲಿ, ಹುಣ್ಣಿಮೆಗೆ ಮೊದಲ ವಾರ ಯಲ್ಲಮ್ಮನ ಗುಡ್ಡದಲ್ಲಿ ಇಲಾಖೆಯ ಒಬ್ಬರು ಒಂದು ಮೇಜು ಹಾಕಿ ಕೂರಲಿ, ನೋಟಿಸ್ ಕೊಡುವುದಕ್ಕಲ್ಲ, ಹೇಳಿಕೊಡುವುದಕ್ಕೆ. ಫೋನಿನ ಜಮೆಯನ್ನೇ ವ್ಯಾಪಾರವೆಂದು ಎಣಿಸುವ ಮೊದಲು ಆ ಅಂಗಡಿಯಲ್ಲಿ ಏನು ಮಾರುತ್ತಾರೆಂದು ಒಮ್ಮೆ ಕಣ್ಣಿಂದ ನೋಡಿ ಬರಲಿ.

ಗುಡ್ಡದ ಕಾಕು ಈಗ ಉದ್ದನೆಯ ವಹಿ ಇಟ್ಟಿದ್ದಾರೆ. ನಾನೇ ಗೆರೆ ಹಾಕಿ ಕೊಟ್ಟೆ: ಕಾಯಿ-ಬಳೆ-ಕುಂಕುಮ ಒಂದು ಸಾಲು, ಭಂಡಾರ-ಊದಿನಕಡ್ಡಿ ಒಂದು ಸಾಲು, ರೋಖ ಕೊಟ್ಟು ಫೋನಿಗೆ ಹಾಕಿಸಿಕೊಂಡದ್ದು ಮೂರನೆಯ ಸಾಲು. ಅವರಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಅದಕ್ಕೇ ಸಾಲುಗಳ ತಲೆಯ ಮೇಲೆ ಕಾಯಿ, ಊದಿನಕಡ್ಡಿ, ಫೋನಿನ ಚಿತ್ರ ಬರೆದಿದ್ದೇನೆ. ತಿಂಗಳಿಗೊಮ್ಮೆ ವಹಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸವದತ್ತಿಯ ಬಸ್ಸಿಗೆ ಬರುತ್ತಾರೆ. ಹೋದ ತಿಂಗಳು ಮೂರೂ ಸಾಲು ಫೋನಿನ ಲೆಕ್ಕಕ್ಕೆ ಕೂಡಿಬಂದವು, ಹತ್ತು ರೂಪಾಯಿ ಮಾತ್ರ ಹೆಚ್ಚಿಗೆ. ಆ ಹತ್ತು ರೂಪಾಯಿ ಎಲ್ಲಿಂದ ಬಂತೆಂದು ಹುಡುಕುತ್ತ ಅವರು ಎರಡು ಬಸ್ಸು ಬಿಟ್ಟುಕೊಟ್ಟರು.